ವೃತ್ತಿಗಳ ಭವಿಷ್ಯ ನುಡಿಯುವವರು ಹಿಂದಿನ ಲೆಕ್ಕವನ್ನೂ ಕೊಡಲಿ

ಮಾನ್ಯ ಸಂಪಾದಕರೇ,

ದ್ವಿತೀಯ ಪಿಯುಸಿ ಫಲಿತಾಂಶಕ್ಕೂ ಸಿಇಟಿ ಸೀಟು ಹಂಚಿಕೆಗೂ ನಡುವಿನ ವಾರಗಳಲ್ಲಿ ಪತ್ರಿಕೆಗಳ ಶಿಕ್ಷಣ ಪುರವಣಿಗಳಲ್ಲಿ ‘ಮುಂದಿನ ಹತ್ತು ವರ್ಷಗಳಲ್ಲಿ ಬೇಡಿಕೆ ಇರುವ ವೃತ್ತಿಗಳು’ ಎಂಬ ಬಗೆಯ ಬರಹಗಳು ತಪ್ಪದೆ ಬರುತ್ತವೆ. ನಗರದ ಪದವಿಪೂರ್ವ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತನಾದ ನನ್ನ ಬಳಿಗೆ ಆ ಪುಟಗಳನ್ನು ಕತ್ತರಿಸಿಟ್ಟುಕೊಂಡು ಬರುವ ತಂದೆತಾಯಂದಿರು ಇಂದಿಗೂ ಇದ್ದಾರೆ. ಆ ಪಟ್ಟಿಯನ್ನು ನಂಬಿ ಅವರು ಸಾಲ ಮಾಡುತ್ತಾರೆ, ಊರಿನ ಜಮೀನು ಮಾರುತ್ತಾರೆ, ಮಕ್ಕಳ ಒಲವನ್ನು ಬದಿಗೆ ಸರಿಸುತ್ತಾರೆ. ಇಷ್ಟು ದೊಡ್ಡ ನಿರ್ಧಾರಗಳಿಗೆ ಆಧಾರವಾಗುವ ಬರಹಕ್ಕೆ ಅದಕ್ಕೆ ತಕ್ಕ ಹೊಣೆಗಾರಿಕೆಯೂ ಇರಬೇಕೆಂಬ ಕಾಳಜಿಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಬೆಂಗಳೂರಿನ ಚರಿತ್ರೆಯನ್ನೇ ನೋಡಬಹುದು. 1953ರಲ್ಲಿ ಜಾಲಹಳ್ಳಿಯಲ್ಲಿ ಕೇಂದ್ರ ಸರ್ಕಾರದ ಯಂತ್ರೋಪಕರಣ ಕಾರ್ಖಾನೆ ಎಚ್‌ಎಂಟಿ ಆರಂಭವಾದ ಮೇಲೆ, ಎಚ್‌ಎಎಲ್, ಐಟಿಐ (ದೂರವಾಣಿ ಕಾರ್ಖಾನೆ), ಬಿಇಎಲ್‌ಗಳಂತೆ ಅಲ್ಲಿಯೂ ಒಮ್ಮೆ ಒಳಗೆ ಸೇರಿಕೊಂಡ ಫಿಟ್ಟರ್‌ಗೆ, ಟರ್ನರ್‌ಗೆ ನಿವೃತ್ತಿಯವರೆಗೆ ಚಿಂತೆಯಿಲ್ಲ ಎಂಬ ನಂಬಿಕೆ ಇಲ್ಲಿನ ಮಧ್ಯಮ ವರ್ಗದಲ್ಲಿ ಬೇರೂರಿತ್ತು. ಅದೇ ಎಚ್‌ಎಂಟಿಯ ಕೈಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಇಲ್ಲಿ ತನ್ನ ವಿನ್ಯಾಸ ಕೇಂದ್ರವನ್ನು ತೆರೆದಾಗ, ಮುಂದೆ ಈ ನಗರದ ಬಾಡಿಗೆ, ಸಂಚಾರ, ಮದುವೆ ಮಾತುಕತೆಗಳನ್ನೆಲ್ಲ ಸಾಫ್ಟ್‌ವೇರ್ ಉದ್ಯೋಗವೇ ನಿರ್ಧರಿಸುತ್ತದೆ ಎಂದು ಎಣಿಸಿದವರು ವಿರಳ. ಶತಮಾನ ತಿರುಗುವ ಹೊತ್ತಿಗೆ, ವೈದ್ಯರ ಧ್ವನಿಮುದ್ರಿತ ಟಿಪ್ಪಣಿಗಳನ್ನು ಕೇಳಿ ಬರಹಕ್ಕಿಳಿಸುವ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕಲಿಸುವ ತರಬೇತಿ ಕೇಂದ್ರಗಳು ಬಡಾವಣೆ ಬಡಾವಣೆಗಳಲ್ಲಿ ತಲೆಯೆತ್ತಿದವು. ಮಾತನ್ನು ತಾನೇ ಬರಹಕ್ಕಿಳಿಸುವ ತಂತ್ರಾಂಶ ಬಂದು ಆ ಕೆಲಸದ ಬಹುಪಾಲನ್ನು ನುಂಗಿತು. ರಾಜ್ಯ ಸರ್ಕಾರ 2001ರಲ್ಲಿ ಜೈವಿಕ ತಂತ್ರಜ್ಞಾನ ನೀತಿಯನ್ನು ಪ್ರಕಟಿಸಿದ ಬಳಿಕ ಇನ್ನು ಮುಂದಿನದು ಬಯೋಟೆಕ್ನಾಲಜಿಯ ಕಾಲ ಎಂಬ ಮಾತು ಎಲ್ಲೆಲ್ಲೂ ಕೇಳಿಬಂತು. ಉದ್ಯಮ ಬೆಳೆದದ್ದೂ ನಿಜ. ಆದರೆ ಬಿ.ಇ. ಮುಗಿಸಿದವರಿಗೆ ಅದು ಕೊಟ್ಟ ಕೆಲಸ ನಿರೀಕ್ಷೆಗಿಂತ ಬಹಳ ಕಡಿಮೆಯಾಗಿತ್ತು; ಆ ವಿಭಾಗದಲ್ಲಿ ಓದಿದ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಕೊನೆಗೆ ಸಾಫ್ಟ್‌ವೇರ್ ಕಂಪನಿಗಳನ್ನೇ ಸೇರಿದರು.

ಮುನ್ಸೂಚನೆ ಹೇಳುವವರು ತಿಳಿಗೇಡಿಗಳೆಂದು ಇದರ ಅರ್ಥವಲ್ಲ. ಕೃತಕ ಬುದ್ಧಿಮತ್ತೆಯ ಸಂಶೋಧನೆಗೆ ಅಡಿಪಾಯ ಹಾಕಿ 2024ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಜೆಫ್ರಿ ಹಿಂಟನ್ ಅವರೇ, ರೇಡಿಯಾಲಜಿ ತರಬೇತಿಯನ್ನು ಈಗಲೇ ನಿಲ್ಲಿಸಬೇಕು, ಐದು ವರ್ಷಗಳಲ್ಲಿ ಯಂತ್ರವೇ ಮನುಷ್ಯರಿಗಿಂತ ಚೆನ್ನಾಗಿ ಸ್ಕ್ಯಾನ್ ಓದಬಲ್ಲದು ಎಂದು 2016ರಲ್ಲಿ ಹೇಳಿದ್ದರು. ಯಂತ್ರಗಳು ಆ ದಿಕ್ಕಿನಲ್ಲಿ ಬಹಳ ದೂರ ಸಾಗಿವೆ; ಆದರೂ ಬ್ರಿಟನ್, ಅಮೆರಿಕದಂಥ ದೇಶಗಳು ರೇಡಿಯಾಲಜಿಸ್ಟ್‌ಗಳ ಕೊರತೆಯ ಬಗ್ಗೆಯೇ ಮಾತನಾಡುತ್ತಿವೆ. ಯಾವ ರೋಗಿಗೆ ಯಾವ ಪರೀಕ್ಷೆ ಬೇಕು ಎಂದು ತೀರ್ಮಾನಿಸುವುದು, ಅನುಮಾನ ಬಂದಾಗ ಶಸ್ತ್ರಚಿಕಿತ್ಸಕರೊಡನೆ ಚರ್ಚಿಸುವುದು, ವರದಿಗೆ ಸಹಿ ಹಾಕಿ ಹೊಣೆ ಹೊರುವುದು ಇವೆಲ್ಲವೂ ಆ ವೃತ್ತಿಯಲ್ಲಿ ಸೇರಿವೆ. ಅದರೊಳಗಿನ ಒಂದು ಕೆಲಸವನ್ನು ಯಂತ್ರ ಕಲಿತ ಮಾತ್ರಕ್ಕೆ ವೃತ್ತಿಯೇ ಇಲ್ಲವಾಗುವುದಿಲ್ಲ.

ಮುನ್ಸೂಚನೆಗಳು ತಪ್ಪಲು ಇದಕ್ಕಿಂತ ಮುಖ್ಯವಾದ, ಆದರೆ ನಮ್ಮ ಪುರವಣಿಗಳಲ್ಲಿ ಎಂದೂ ಚರ್ಚೆಯಾಗದ ಕಾರಣ ಇನ್ನೊಂದಿದೆ. ನಾಳೆಯ ಮಳೆಯ ಬಗ್ಗೆ ಹವಾಮಾನ ಇಲಾಖೆ ಏನೇ ಹೇಳಲಿ, ಮೋಡ ಅದನ್ನು ಓದುವುದಿಲ್ಲ. ವೃತ್ತಿಯ ಮುನ್ಸೂಚನೆಯನ್ನಾದರೋ ಲಕ್ಷಾಂತರ ಜನ ಓದುತ್ತಾರೆ, ಓದಿ ಒಂದೇ ಕಡೆಗೆ ನುಗ್ಗುತ್ತಾರೆ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದ್ದನ್ನು ಕಂಡು ಕೋಲಾರದ ಸುತ್ತ ಎಷ್ಟೋ ರೈತರು ಅದನ್ನೇ ನಾಟಿ ಮಾಡಿದರು, ಬೆಳೆ ಮಾರುಕಟ್ಟೆಗೆ ಬರುವಷ್ಟರಲ್ಲಿ ದರ ನೆಲ ಕಚ್ಚಿತ್ತು. ಎಂಜಿನಿಯರುಗಳ ವಿಷಯದಲ್ಲೂ ಹೀಗೆಯೇ ಆಗುತ್ತದೆ ಎಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಫ್ರೀಮನ್ 1976ರಷ್ಟು ಹಿಂದೆಯೇ ಅಂಕಿಅಂಶಗಳೊಂದಿಗೆ ತೋರಿಸಿದ್ದರು: ಸಂಬಳ ಏರಿದ ವರ್ಷ ಪ್ರವೇಶ ಏರುತ್ತದೆ, ಆ ತಂಡ ಹೊರಬರುವ ವರ್ಷ ಪದವೀಧರರು ಹೆಚ್ಚಾಗಿ ಸಂಬಳ ಇಳಿಯುತ್ತದೆ, ಅದನ್ನು ಕಂಡು ಪ್ರವೇಶ ಕುಗ್ಗುತ್ತದೆ, ಮತ್ತೆ ಕೆಲವು ವರ್ಷಗಳಿಗೆ ಕೊರತೆ ಕಾಣಿಸಿಕೊಳ್ಳುತ್ತದೆ. ಟೊಮೆಟೊ ಕೊಯ್ಲಿಗೆ ಬರಲು ಮೂರು ತಿಂಗಳು ಸಾಕು, ಎಂಜಿನಿಯರ್ ಆಗಲು ನಾಲ್ಕು ವರ್ಷ ಬೇಕು. ಆ ನಾಲ್ಕು ವರ್ಷವನ್ನು ಯಾರೂ ಹಿಂದಕ್ಕೆ ಕೊಡಲಾರರು. ಇಷ್ಟಿದ್ದೂ, ಉತ್ತಮ ಸಾಧನೆಯ ಕಾಲೇಜುಗಳಿಗೆ ಒಂದು ವಿಭಾಗಕ್ಕೆ ಇಂತಿಷ್ಟೇ ಸೀಟು ಎಂದಿದ್ದ ಮಿತಿಯನ್ನು, ತಾಂತ್ರಿಕ ಶಿಕ್ಷಣವನ್ನು ನಿಯಂತ್ರಿಸುವ ಎಐಸಿಟಿಇ 2024–25ನೇ ಸಾಲಿನಿಂದ ತೆಗೆದುಹಾಕಿದೆ. ಕಂಪ್ಯೂಟರ್ ಸೈನ್ಸ್ ಸೀಟುಗಳು ಬೆಳೆಯುತ್ತಿರುವಾಗಲೇ ಸಿವಿಲ್, ಮೆಕ್ಯಾನಿಕಲ್ ಸೀಟುಗಳು ಖಾಲಿ ಉಳಿಯುತ್ತಿರುವುದನ್ನು ನೋಡಿದರೆ, ಫ್ರೀಮನ್ ವಿವರಿಸಿದ ಚಕ್ರದ ಯಾವ ಘಟ್ಟದಲ್ಲಿ ನಾವಿದ್ದೇವೆ ಎಂಬ ಆತಂಕ ನನ್ನನ್ನು ಕಾಡುತ್ತದೆ.

ಪಟ್ಟಿಗಳನ್ನು ಆರಿಸಿಕೊಳ್ಳುವ ರೀತಿಯಲ್ಲೂ ದೋಷವಿದೆ. ವಿಶ್ವ ಆರ್ಥಿಕ ವೇದಿಕೆ 2025ರ ಜನವರಿಯಲ್ಲಿ ಪ್ರಕಟಿಸಿದ ವರದಿಯನ್ನು ಅನೇಕ ಲೇಖನಗಳು ಉಲ್ಲೇಖಿಸುತ್ತವೆ. 2030ರೊಳಗೆ 17 ಕೋಟಿ ಹೊಸ ಉದ್ಯೋಗಗಳು ಹುಟ್ಟಿ 9.2 ಕೋಟಿ ಉದ್ಯೋಗಗಳು ಇಲ್ಲವಾಗುತ್ತವೆ ಎಂದು ಅದು ಅಂದಾಜಿಸುತ್ತದೆ. ಅದಕ್ಕೆ ಮುಖ್ಯ ಆಧಾರ 55 ಆರ್ಥಿಕತೆಗಳ ಸಾವಿರಕ್ಕೂ ಹೆಚ್ಚು ಉದ್ಯೋಗದಾತರು ವ್ಯಕ್ತಪಡಿಸಿದ ನಿರೀಕ್ಷೆ ಎಂಬ ಸಂಗತಿಯನ್ನು ನಮ್ಮ ಲೇಖನಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಅದೇ ವರದಿಯಲ್ಲಿ ಎರಡು ಪಟ್ಟಿಗಳಿವೆ. ಶೇಕಡಾವಾರು ಬೆಳವಣಿಗೆಯಲ್ಲಿ ಬಿಗ್ ಡೇಟಾ, ಫಿನ್‌ಟೆಕ್, ಕೃತಕ ಬುದ್ಧಿಮತ್ತೆಯ ತಜ್ಞರು ಮುಂದಿದ್ದಾರೆ. ಉದ್ಯೋಗಗಳ ಸಂಖ್ಯೆಯಲ್ಲಿ ಕೃಷಿ ಕಾರ್ಮಿಕರು, ಡೆಲಿವರಿ ಚಾಲಕರು, ಕಟ್ಟಡ ಕಾರ್ಮಿಕರು ಮುಂದಿದ್ದಾರೆ. ನೂರು ಜನರ ವೃತ್ತಿ ಇನ್ನೂರಾದರೆ ಅದು ಶೇ 100ರ ಬೆಳವಣಿಗೆ, ಹತ್ತು ಲಕ್ಷ ಜನರ ವೃತ್ತಿ ಶೇ 5ರಷ್ಟು ಬೆಳೆದರೂ ಐವತ್ತು ಸಾವಿರ ಮಂದಿಗೆ ಕೆಲಸ. ಮೊದಲ ಪಟ್ಟಿ ಪುರವಣಿಯ ಮುಖಪುಟಕ್ಕೆ ಬರುತ್ತದೆ, ಎರಡನೆಯದು ಒಳಪುಟದಲ್ಲೂ ಕಾಣುವುದಿಲ್ಲ.

ಹಾಗಾದರೆ ಯಾವುದನ್ನೂ ಊಹಿಸಲಾಗದೇ? ಜನಸಂಖ್ಯೆಯನ್ನು ಆಧರಿಸಿದ ಅಂದಾಜನ್ನು ತಕ್ಕಮಟ್ಟಿಗೆ ನಂಬಬಹುದು ಎಂದು ನನ್ನ ಅಭಿಪ್ರಾಯ, ಏಕೆಂದರೆ ಇಪ್ಪತ್ತು ವರ್ಷಗಳ ಬಳಿಕ ಅರವತ್ತು ತುಂಬುವವರು ಈಗಾಗಲೇ ನಲವತ್ತರಲ್ಲಿದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಮನೆಯಲ್ಲಿ ಆರೈಕೆ ಮಾಡುವವರು ಕಡಿಮೆಯಾಗಿ ವೃದ್ಧರು ಹೆಚ್ಚುವ ಈ ನಾಡಿಗೆ ನರ್ಸುಗಳು, ಫಿಸಿಯೋಥೆರಪಿಸ್ಟರು, ಹಿರಿಯರ ಆರೈಕೆಯಲ್ಲಿ ತರಬೇತಾದವರು ಬೇಕೇ ಬೇಕು. ಆದರೆ ಬೇಡಿಕೆ ಇದ್ದ ಕಡೆ ಗೌರವದ ಸಂಬಳವೂ ಇರುತ್ತದೆ ಎಂದುಕೊಳ್ಳುವಂತಿಲ್ಲ. ತಕ್ಕ ವೇತನ ಸಿಗದೆ ಇಲ್ಲಿನ ನರ್ಸುಗಳು ಕೊಲ್ಲಿ ದೇಶಗಳಿಗೂ ಯುರೋಪಿಗೂ ಹೋಗುತ್ತಿರುವುದು ಎಲ್ಲರಿಗೂ ತಿಳಿದದ್ದೇ. ಬೇಡಿಕೆಯ ಪಟ್ಟಿ ಮಾಡುವವರು ಕೆಲಸದ ಷರತ್ತುಗಳನ್ನೂ ಬರೆಯಬೇಕು.

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಹತ್ತು ವರ್ಷಗಳ ಮುಂದಿನ ಅಂದಾಜನ್ನು ಪ್ರಕಟಿಸುವುದರ ಜೊತೆಗೆ ತನ್ನ ಹಳೆಯ ಅಂದಾಜುಗಳು ಎಲ್ಲಿ ಸರಿಯಾದವು, ಎಲ್ಲಿ ತಪ್ಪಿದವು ಎಂದು ತಾನೇ ಪರಿಶೀಲಿಸಿ ಪ್ರಕಟಿಸುತ್ತದೆ. ತಮ್ಮ ಪತ್ರಿಕೆಯೂ ಇಂಥ ಪರಿಪಾಠವನ್ನು ಆರಂಭಿಸಲಿ ಎಂದು ವಿನಂತಿಸುತ್ತೇನೆ. ವೃತ್ತಿಗಳ ಯಾವುದೇ ಮುನ್ಸೂಚನೆಯನ್ನು ಅಚ್ಚು ಹಾಕುವಾಗ ಅದನ್ನು ಹೇಳಿದವರು ಯಾರು, ಆ ವಿಷಯದ ಕೋರ್ಸ್ ನಡೆಸುವ ಸಂಸ್ಥೆಗೂ ಅವರಿಗೂ ಸಂಬಂಧವಿದೆಯೇ, ಲೆಕ್ಕ ಯಾವ ದೇಶದ್ದು ಎಂಬುದನ್ನು ಜೊತೆಗೇ ಕೊಡಿ. ಐದು ಮತ್ತು ಹತ್ತು ವರ್ಷಗಳ ಹಿಂದೆ ಇದೇ ಪುಟದಲ್ಲಿ ಬಂದ ಪಟ್ಟಿಯನ್ನೂ ಅದರ ಫಲಿತಾಂಶವನ್ನೂ ಪಕ್ಕದಲ್ಲೇ ಮುದ್ರಿಸಿ.

ಸರ್ಕಾರದಿಂದಲೂ ಒಂದು ಕೆಲಸ ಆಗಬೇಕಿದೆ. ಕೇಂದ್ರ ಸರ್ಕಾರ ಕಾಲೇಜುಗಳಿಗೆ ಕೊಡುವ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಅರ್ಜಿ ಹಾಕುವ ಕಾಲೇಜುಗಳು ಕೆಲಸ ಸಿಕ್ಕವರ ಸಂಖ್ಯೆಯನ್ನೂ ಅವರ ಮಧ್ಯಮ ಸಂಬಳವನ್ನೂ (ಅರ್ಧದಷ್ಟು ಮಂದಿಗೆ ಅದಕ್ಕಿಂತ ಹೆಚ್ಚು, ಉಳಿದರ್ಧಕ್ಕೆ ಕಡಿಮೆ ಇರುವ ಮೊತ್ತ) ಈಗಾಗಲೇ ಒಪ್ಪಿಸುತ್ತವೆ, ಜಾಹೀರಾತಿನಲ್ಲಿ ಮಾತ್ರ ಅತಿ ಹೆಚ್ಚಿನ ಒಂದು ಪ್ಯಾಕೇಜನ್ನು ತೋರಿಸುತ್ತವೆ. ಸಿಇಟಿ ಮೂಲಕ ಸೀಟು ಕೊಡುವ ಪ್ರತಿಯೊಂದು ಕಾಲೇಜಿನಿಂದಲೂ, ಪದವಿ ಮುಗಿದು ಮೂರು ವರ್ಷಗಳಾದ ಮೇಲೆ ಆಯಾ ವಿಭಾಗದವರು ಯಾವ ಕೆಲಸದಲ್ಲಿದ್ದಾರೆ, ಎಷ್ಟು ಮಂದಿ ತಾವು ಓದಿದ ಕ್ಷೇತ್ರದಲ್ಲೇ ಉಳಿದಿದ್ದಾರೆ ಎಂಬ ವಿವರವನ್ನು ಪಡೆದು, ಬೇಕಾದ ಕಾಲೇಜು, ವಿಭಾಗಗಳನ್ನು ಆಯ್ದು ನಮೂದಿಸುವ ಆಪ್ಷನ್ ಎಂಟ್ರಿ ಆರಂಭವಾಗುವ ಮೊದಲೇ ಕನ್ನಡದಲ್ಲಿ ಪ್ರಕಟಿಸುವಂತೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವನ್ನೂ ಉನ್ನತ ಶಿಕ್ಷಣ ಇಲಾಖೆಯನ್ನೂ ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

ಇತಿ,
ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕ,
ರಾಜಾಜಿನಗರ, ಬೆಂಗಳೂರು