ಬಸ್ ಹತ್ತಿ ನೋಡಿದೆ, ಸ್ವಾಮಿ!

ಮಾನ್ಯ ಸಂಪಾದಕರೇ,

ಬೆಂಗಳೂರಿನ ಹೊರವರ್ತುಲ ರಸ್ತೆಯ ಹೊಗೆಯ ಕುರಿತ ಮಂಗಳವಾರದ ವರದಿ ಓದಿದೆ. ಜನ ಸ್ವಂತ ವಾಹನ ಬಿಡದಿರುವುದೇ ಇದಕ್ಕೆಲ್ಲ ಕಾರಣವೆಂದು ಅಧಿಕಾರಿಯೊಬ್ಬರು ಅಪ್ಪಣೆ ಕೊಡಿಸಿದ್ದಾರೆ. ಅವರ ಮಾತಿಗೆ ಬೆಲೆ ಕೊಟ್ಟು ನಿನ್ನೆ ಸ್ಕೂಟರನ್ನು ಮನೆಯಲ್ಲೇ ಬಿಟ್ಟು ಹೊರಟೆ.

ಇಬ್ಬಲೂರಿನ ತಂಗುದಾಣದ ಮುಂದೆ ಅಗೆದಿದ್ದಾರೆ. ಯಾರು ಅಗೆದದ್ದೋ, ಫಲಕವಿಲ್ಲ. ಬಸ್ ಈಗ ಇನ್ನೂ ಮುಂದೆ ನಿಲ್ಲುತ್ತದೆ ಎಂದು ಎಳನೀರು ಮಾರುವವನು ಹೇಳಿದ. ಪಾದಚಾರಿ ಮಾರ್ಗದ ಮೇಲೆ ಪೈಪುಗಳ ರಾಶಿ; ಕೆಸರಿನಲ್ಲಿ ನಡೆದು ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ನಲವತ್ತು ನಿಮಿಷ ಕಾದ ಮೇಲೆ ಬಂದ ಬಸ್ಸಿನಲ್ಲಿ ಸಿಕ್ಕಿದ್ದು ಮೆಟ್ಟಿಲು. ಅಗರ ದಾಟುವಷ್ಟರಲ್ಲಿ ಡಬ್ಬಿಯ ಸಾರು ಚೀಲದಲ್ಲಿದ್ದ ಕಚೇರಿ ಕಡತಗಳ ಪಾಲಾಗಿತ್ತು. ಸಿಲ್ಕ್ ಬೋರ್ಡ್ ತಲುಪಲು ಒಂದು ಗಂಟೆ ಹತ್ತು ನಿಮಿಷ! ಬರಿಗಾಲಲ್ಲಿ ನಡೆದಿದ್ದರೂ ಮೊದಲೇ ಮುಟ್ಟುತ್ತಿದ್ದೆ.

ಮೆಟ್ಟಿಲ ಮೇಲೆ ನಿಂತವನಿಗೆ ಲೆಕ್ಕ ಹಾಕುವುದು ಬಿಟ್ಟು ಬೇರೇನು ಕೆಲಸ? ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೊ ಇಂಗಾಲದ ಡೈಆಕ್ಸೈಡ್. ಡೀಸೆಲ್ ಆದರೆ 2.6ಕ್ಕೂ ಮೇಲೆ. ಗಾಡಿ ಓಡಿದರೂ ಅಷ್ಟೇ, ನಿಂತರೂ ಅಷ್ಟೇ. ಸುತ್ತಲೂ ಕಾರುಗಳು, ಕಾರಿಗೊಬ್ಬರು, ಎ.ಸಿ. ಹಾಕಿಕೊಂಡು ನಿಂತಲ್ಲೇ ಉರಿಸುತ್ತಿದ್ದರು. ಹೊಗೆ ತಪಾಸಣೆಯ ಪ್ರಮಾಣಪತ್ರ ಎರಡು ದಿನ ತಡವಾಗಿದ್ದಕ್ಕೆ ಹಿಂದೊಮ್ಮೆ ನನ್ನಿಂದ ದಂಡ ಕಟ್ಟಿಸಿಕೊಂಡಿದ್ದರು. ಆ ತಪಾಸಣೆ ಮಿತಿ ಹಾಕುವುದು ಕಾರ್ಬನ್ ಮಾನಾಕ್ಸೈಡಿನಂಥ ವಿಷಕ್ಕೇ ಹೊರತು ಭೂಮಿಯನ್ನು ಕಾಯಿಸುವ ಈ ಅನಿಲಕ್ಕಲ್ಲ. ಇದಕ್ಕೂ ದಂಡವಿದ್ದಿದ್ದರೆ ರಸ್ತೆ ಅಗೆದವರೇ ಮೊದಲು ಕಟ್ಟಬೇಕಾಗುತ್ತಿತ್ತು.

2019ರ ಕೊನೆಯಲ್ಲಿ ಇದೇ ರಸ್ತೆಯಲ್ಲಿ ಗೂಟ ನೆಟ್ಟು ಬಸ್ಸಿಗೆಂದೇ ಒಂದು ಪಥ ಬಿಟ್ಟಿದ್ದರು. ಮೆಟ್ರೊ ಕಾಮಗಾರಿ ಬಂತು, ಗೂಟವೂ ಹೋಯಿತು, ಪಥವೂ ಹೋಯಿತು. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ಕೊರೆಯುವ ಮಾತು. ಕಾರಿನವರಿಗೆ ಪಾತಾಳದಲ್ಲೂ ದಾರಿ, ಬಸ್ಸಿನವರಿಗೆ ಉಪದೇಶ.

ಇನ್ನು ನಮ್ಮ ಅಡ್ಡರಸ್ತೆಯ ಚರಂಡಿ ಮುಚ್ಚಳ. ಮೂರು ಸಲ ಅರ್ಜಿ ಕೊಟ್ಟೆ. ಮೂರು ಸ್ವೀಕೃತಿ ಬಂದಿವೆ, ಮುಚ್ಚಳ ಬಂದಿಲ್ಲ. ಸಾಹೇಬರು ಯಾವಾಗ ಕೇಳಿದರೂ ಸಭೆಯಲ್ಲಿರುತ್ತಾರೆ. ಆ ಸಭೆಗೆ ಬಸ್ಸಿನಲ್ಲಿ ಹೋಗುತ್ತಾರೆಯೇ?

ಬಸ್ ಪಥವನ್ನು ಮರಳಿ ಕೊಡಲಿ, ಇಲ್ಲವೇ ಅಗೆದದ್ದನ್ನು ಮುಚ್ಚಲಿ. ಎರಡೂ ಆಗದಿದ್ದರೆ ಪತ್ರಿಕೆಯವರ ಮುಂದೆ ನಮಗೆ ಬುದ್ಧಿ ಹೇಳುವುದನ್ನಾದರೂ ನಿಲ್ಲಿಸಲಿ. ಮುಚ್ಚಳವನ್ನೂ ಹಾಕಲಿ. ನಾಳೆಯಿಂದ ನಾನಂತೂ ಸ್ಕೂಟರಿನಲ್ಲೇ ಹೋಗುತ್ತೇನೆ.

– ನೊಂದ ಬಸ್ ಪ್ರಯಾಣಿಕ, ಇಬ್ಬಲೂರು