ಹಳೆಯ ಜಪಾನಿ ಡ್ರಮ್ ಸೆಟ್‌ಗಳ ಹೊಸ ದರ: ನಮ್ಮ ಗ್ರಾಹಕರಿಗೆ ಪತ್ರ

ಪ್ರಿಯ ಗ್ರಾಹಕ ಮಿತ್ರರೇ,

ಮಾರ್ಚ್ 1ರಿಂದ ನಮ್ಮಲ್ಲಿ ನಾಲ್ಕು ಡ್ರಮ್‌ಗಳ ಹಳೆಯ ಜಪಾನಿ ಸೆಟ್ಟಿನ ದರ 275 ಡಾಲರ್‌ನಿಂದ 420 ಡಾಲರ್‌ಗೆ ಏರುತ್ತದೆ. ಸಿಕ್ಕ ಸ್ಥಿತಿಯಲ್ಲೇ ಧೂಳು ಒರೆಸಿ ಕೊಡುತ್ತಿದ್ದ ಸೆಟ್‌ಗಳ ಮಾರಾಟ ನಿಲ್ಲುತ್ತದೆ. ಪಾರ್ಸೆಲ್ ಕಳುಹಿಸುವುದೂ ನಿಲ್ಲುತ್ತದೆ. ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ನಮ್ಮ ಗ್ಯಾರೇಜಿಗೆ ಬಂದು ಒಯ್ಯಬೇಕು, ಇಲ್ಲವೇ ಕನ್ನಡ ಕೂಟದ ಕಾರ್ಯಕ್ರಮಗಳಿಗೆ ನಾವು ಬರುವಾಗ ವ್ಯಾನಿನಲ್ಲಿ ತಂದುಕೊಡುತ್ತೇವೆ. ಸುದ್ದಿ ಇಷ್ಟೇ. ಇಷ್ಟನ್ನು ಓದಿ ಫೋನ್ ಕೈಗೆತ್ತಿಕೊಂಡವರು ದಯವಿಟ್ಟು ಉಳಿದದ್ದನ್ನೂ ಓದಿ ಆಮೇಲೆ ಕರೆ ಮಾಡಿ.

ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಸೂಚನೆ ಕಳೆದ ವಾರವೇ ಎಲ್ಲರಿಗೂ ಹೋಗಿದೆ. ಅದಕ್ಕೆ ಉತ್ತರವಾಗಿ ಬೈದವರೆಲ್ಲ ಕನ್ನಡದಲ್ಲೇ ಬೈದಿದ್ದೀರಿ, ಆದ್ದರಿಂದ ಈ ಪತ್ರವೂ ಕನ್ನಡದಲ್ಲೇ ಇರಲಿ. ಆ ಬೈಗುಳದಲ್ಲಿ ಅರ್ಧ ನಮಗೆ ಸಲ್ಲಬೇಕಾದದ್ದೇ. ಅದನ್ನು ಮೊದಲು ಒಪ್ಪಿಕೊಳ್ಳುತ್ತೇವೆ.

ಕಳೆದ ಗಣೇಶನ ಹಬ್ಬದ ಹೊತ್ತಿಗೆ ಒಮ್ಮೆಲೇ ಬೇಡಿಕೆ ಬಂತು. 275ರ ದರವನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂಬ ಹಟದಲ್ಲಿ ನಾವು ಮೇಲಿನ ಹೆಡ್‌ಗಳನ್ನಷ್ಟೇ, ಅಂದರೆ ಬಾರಿಸುವ ಬದಿಯ ತೊಗಲುಗಳನ್ನಷ್ಟೇ, ಹೊಸದಾಗಿ ಹಾಕಿ, ಕೆಳಗಿನ ಹಳೆಯ ಹೆಡ್‌ಗಳನ್ನು ಹಾಗೆಯೇ ಬಿಟ್ಟೆವು. ಶೆಲ್‌ಗಳ, ಅಂದರೆ ಡ್ರಮ್ಮಿನ ಮರದ ಒಡಲಿನ, ಹೆಡ್ ಕೂರುವ ಅಂಚನ್ನು ಪರೀಕ್ಷಿಸಲಿಲ್ಲ. ಒಬ್ಬ ತಾಯಿ ಮಗನ ವಿಡಿಯೊ ಕಳುಹಿಸಿದರು. ಹುಡುಗ ಟಾಮ್ ಎಂಬ ಚಿಕ್ಕ ಡ್ರಮ್ ಬಾರಿಸಿದರೆ ಸರಿಯಾಗಿಯೇ ಕೇಳುತ್ತಿತ್ತು, ನೆಲದ ಮೇಲೆ ಕಾಲೂರಿ ನಿಲ್ಲುವ ಫ್ಲೋರ್ ಟಾಮ್‌ಗೆ ಬಂದರೆ ರಟ್ಟಿನ ಪೆಟ್ಟಿಗೆ ಬಡಿದ ಹಾಗೆ. ಬಿಗಿ ಮಾಡಿದರೆ ಕೀರಲು, ಸಡಿಲ ಮಾಡಿದರೆ ಗುಯ್ ಎಂಬ ನಡುಕ. ಅವನ ಮೇಷ್ಟ್ರು ಅವನಿಗೇ ಶ್ರುತಿ ಮಾಡಲು ಬರುವುದಿಲ್ಲ ಎಂದಿದ್ದರಂತೆ.

ಡ್ರಮ್ಮನ್ನು ವಾಪಸು ತರಿಸಿಕೊಂಡು ಹೆಡ್ ಬಿಚ್ಚಿದೆವು. ನಮ್ಮ ಕೊಟ್ಟಿಗೆಯಲ್ಲಿ, ಅಂದರೆ ಗ್ಯಾರೇಜಿನಲ್ಲಿ, ಯಾರದೋ ಅಡುಗೆಮನೆಯ ಕಟ್ಟೆಯಿಂದ ಉಳಿದ ಗ್ರಾನೈಟ್ ತುಂಡು ಒಂದಿದೆ. ಅದರ ಮೇಲೆ ಶೆಲ್ ಕವುಚಿ, ಒಳಗೆ ಟಾರ್ಚ್ ಹಚ್ಚಿಟ್ಟು, ದೀಪ ಆರಿಸಿ ನೋಡಿದರೆ ಮುಚ್ಚಿದ ಬಾಗಿಲಿನ ಅಡಿಯಿಂದ ಬೆಳಕು ಸೋರುವಂತೆ ಎರಡು ಕಡೆ ಬೆಳಕಿನ ಗೆರೆ. ಅದರಲ್ಲಿ ಒಂದರಡಿ ವಿಸಿಟಿಂಗ್ ಕಾರ್ಡ್ ತೂರಿಸಿದರೆ ಸಲೀಸಾಗಿ ಒಳಗೆ ಹೋಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳು ಎಂದು ಆ ಹುಡುಗನನ್ನು ಎಲ್ಲರೂ ಆಡಿಕೊಂಡಾಗಿತ್ತು. ನೆಲ ನಿಜವಾಗಿಯೂ ಡೊಂಕಾಗಿತ್ತು, ಆ ಡೊಂಕು ನೆಲವನ್ನು ಮಾರಿದವರು ನಾವು. ಅವನ ಬಳಿಯೂ ಅವನ ತಾಯಿಯ ಬಳಿಯೂ ಆಗಲೇ ಕ್ಷಮೆ ಕೇಳಿದ್ದೇವೆ. ಹಬ್ಬದ ಆಸುಪಾಸಿನ ಎರಡು ತಿಂಗಳಲ್ಲಿ ಸೆಟ್ ಕೊಂಡ ಉಳಿದವರಲ್ಲಿ ಈಗ ಕೇಳುತ್ತಿದ್ದೇವೆ.

ಇನ್ನು ನಮ್ಮ ಸರದಿ.

ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬಂದ ಮಾತು ಇದು: ‘ಜಾಹೀರಾತಿನಲ್ಲಿ 150 ಡಾಲರ್‌ಗೆ ಸಿಗುವ ಸೆಟ್ಟಿಗೆ ನೀವು 420 ಕೇಳುತ್ತೀರಿ. ಐನೂರರ ಎತ್ತಿಗೆ ಸಾವಿರದ ಲಾಳವೇ?’ ಹೌದು, ನಾವೂ ಅದೇ ಜಾಹೀರಾತು ನೋಡಿ ಅದೇ 150 ಕೊಟ್ಟೇ ತರುತ್ತೇವೆ. ಇದರಲ್ಲಿ ಮುಚ್ಚುಮರೆ ಏನೂ ಇಲ್ಲ. ಆ ಸೆಟ್ಟಿನಲ್ಲಿ 20 ಇಂಚಿನ ಬೇಸ್ ಡ್ರಮ್, 12ರ ಟಾಮ್, 14ರ ಫ್ಲೋರ್ ಟಾಮ್, 14ರ ಸ್ನೇರ್ ಇದ್ದರೆ ಮೇಲೆ ಕೆಳಗೆ ಸೇರಿ ಎಂಟು ಹೆಡ್ ಬೇಕು. ನಮಗೆ ಬೀಳುವ ಬೆಲೆ ಸುಮಾರು 180 ಡಾಲರ್. ಸ್ನೇರ್‌ನ ಅಡಿಯ ತಂತಿಗೆ 15. ಅಲ್ಲಿಗೆ 345 ಆಯಿತು. ಉಳಿದ 75 ಡಾಲರ್‌ನಲ್ಲಿ ನಾನು ಮತ್ತು ಭಾವ ಎರಡು ದಿನ ಕೆಲಸ ಮಾಡುತ್ತೇವೆ, ಗ್ಯಾರೇಜಿನ ಕರೆಂಟು ಉರಿಯುತ್ತದೆ, ವ್ಯಾನಿಗೆ ಪೆಟ್ರೋಲ್ ಬೀಳುತ್ತದೆ. ಲಾಭಕೋರರು ಎಂದು ಬರೆದ ಮಹನೀಯರು ಈ ಲೆಕ್ಕವನ್ನು ಇನ್ನೊಮ್ಮೆ ಕೂಡಿ ನೋಡಬೇಕಾಗಿ ವಿನಂತಿ.

ಆ ಎರಡು ದಿನ ಏನು ಮಾಡುತ್ತೀರಿ ಎಂದು ಕೇಳಿದ್ದೀರಿ. ಮೊದಲ ದಿನವೆಲ್ಲ ಅಂಚಿನದೇ ಕೆಲಸ. ಗ್ರಾನೈಟ್‌ಗೆ ಉಪ್ಪು ಕಾಗದ ಅಂಟಿಸಿ, ಶೆಲ್ಲಿನ ಅಂಚಿನ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಕವುಚಿ ಮೆಲ್ಲಗೆ ತಿರುಗಿಸುತ್ತಾ ಉಜ್ಜಬೇಕು. ಉಬ್ಬಿದ ಕಡೆ ಗೆರೆ ಅಳಿಸುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಸುತ್ತಲೂ ಗೆರೆ ಅಳಿಸಿದ ಮೇಲೆ ಮತ್ತೆ ಟಾರ್ಚ್ ಪರೀಕ್ಷೆ. ಆಮೇಲೆ ನಯವಾದ ಕಾಗದ, ಕೊನೆಗೆ ಮೇಣದಬತ್ತಿಯಿಂದ ಒಂದು ಸುತ್ತು. ಯಂತ್ರದಲ್ಲಿ ಐದು ನಿಮಿಷದಲ್ಲಿ ಹೊಸ ಅಂಚು ಕೊರೆಯಬಹುದಲ್ಲ ಎಂದು ಒಬ್ಬ ಎಂಜಿನಿಯರ್ ಮಿತ್ರರು ಕೇಳಿದರು. ಕೊರೆಯಬಹುದು. ಆದರೆ ಈ ಶೆಲ್‌ಗಳು ಸಾಮಾನ್ಯವಾಗಿ ಮೂರು ಪದರದ ತೆಳು ಪ್ಲೈವುಡ್, ಒಳಗಡೆ ಅಂಚಿಗೆ ಬಲ ಕೊಡುವ ಒಂದು ಬಳೆ. ಮೆದು ಮರ ಎಳೆ ಎಳೆಯಾಗಿ ಕಿತ್ತು ಬರುತ್ತದೆ, ಹೊರಗಿನ ಮಿನುಗುವ ಪ್ಲಾಸ್ಟಿಕ್ ಹೊದಿಕೆ ಚಕ್ಕೆ ಏಳುತ್ತದೆ. ಅರವತ್ತು ವರ್ಷದ ವಸ್ತುವಿನ ಮೇಲೆ ಭಾವ ಯಂತ್ರ ಇಡಲು ಒಪ್ಪುವುದಿಲ್ಲ, ನಾನೂ ಒತ್ತಾಯಿಸುವುದಿಲ್ಲ.

ಎರಡನೆಯ ದಿನ ಚಿಲ್ಲರೆ ರೇಜಿಗೆಗಳು. ಹೆಡ್ ಬಿಗಿಯುವ ರಾಡುಗಳು, ಅಂದರೆ ತಿರುಪುಗಳು, ಕೂರುವ ಲಗ್‌ಗಳ ಒಳಗೆ ಪುಟ್ಟ ಸ್ಪ್ರಿಂಗ್ ಇರುತ್ತದೆ. ಡ್ರಮ್ ಬಾರಿಸಿದಾಗ ಅದೂ ಜಿಣಿಜಿಣಿ ಎಂದು ದನಿಗೂಡಿಸುತ್ತದೆ, ಅದರ ಬಾಯಿಗೆ ಹತ್ತಿ ತುರುಕಬೇಕು. ಶೆಲ್ಲಿನೊಳಗೆ ಸದ್ದು ತಗ್ಗಿಸಲೆಂದು ಇಟ್ಟ ಹಳೆಯ ಫೆಲ್ಟ್ ಮೆತ್ತೆಯ ಕೈ ಸಡಿಲವಾಗಿ ಗಡಗಡ ಎನ್ನುತ್ತದೆ, ಬಿಚ್ಚಿ ಪೊಟ್ಟಣ ಕಟ್ಟಿ ನಿಮ್ಮ ಕೈಗೇ ಕೊಡುತ್ತೇವೆ. ಹೆಡ್ಡನ್ನು ಹಿಡಿದಿಡುವ ತಗಡಿನ ಬಳೆಗಳು ಸೊಟ್ಟಗಿವೆಯೇ ಎಂದು ಅದೇ ಗ್ರಾನೈಟ್ ಮೇಲಿಟ್ಟು ನೋಡಬೇಕು. ಕೆಲವು ಶೆಲ್‌ಗಳ ಸುತ್ತಳತೆ ಕೂದಲೆಳೆಯಷ್ಟು ದೊಡ್ಡದು, ಇಂದಿನ ಹೆಡ್ ಸರಾಗವಾಗಿ ಕೂರದೆ ಶೆಲ್ಲಿಗೆ ಕಚ್ಚಿಕೊಳ್ಳುತ್ತದೆ. ಅಂಥ ಕಡೆ ಒತ್ತಿ ಕೂರಿಸಿದರೆ ಸ್ವರ ಬರುವುದೇ ಇಲ್ಲ, ಹಳೆಯ ಅಳತೆಯ ಶೆಲ್‌ಗಳಿಗೆಂದೇ ಮಾಡುವ ಹೆಡ್ ತರಿಸಬೇಕು. ಅವು ಇನ್ನೂ ದುಬಾರಿ. ಆ ಹೆಚ್ಚುವರಿಯನ್ನು ನಿಮ್ಮ ಮೇಲೆ ಹಾಕುತ್ತಿಲ್ಲ.

ಬ್ಯಾಡ್ಜ್ ನೋಡಿ ದರ ಕೇಳುವವರಿಗೂ ಒಂದು ಮಾತು. 1964ರ ಫೆಬ್ರವರಿ 9ರಂದು ಬೀಟಲ್ಸ್ ತಂಡ ಎಡ್ ಸಲಿವನ್ ಅವರ ಟಿವಿ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡ ಮೇಲೆ ಅಮೆರಿಕದ ಮನೆ ಮನೆಯ ಹುಡುಗರಿಗೂ ಡ್ರಮ್ ಬೇಕಾಯಿತು. ಆ ತಂಡದ ರಿಂಗೊ ಸ್ಟಾರ್ ಬಾರಿಸಿದಂಥ ಲಡ್ವಿಗ್ ಕಂಪನಿಯ ಸೆಟ್ ಕೊಡಿಸುವ ಶಕ್ತಿ ಎಲ್ಲ ಅಪ್ಪಂದಿರಿಗೂ ಇರಲಿಲ್ಲ. ಆ ಕೊರತೆ ತುಂಬಿದ್ದು ಜಪಾನಿನ ಕಾರ್ಖಾನೆಗಳು. ಒಂದೇ ಬಗೆಯ ಡ್ರಮ್‌ಗೆ ಆಮದುದಾರ ಕೇಳಿದ ಹೆಸರಿನ ಬ್ಯಾಡ್ಜ್ ಹೊಡೆದು ಕಳುಹಿಸುತ್ತಿದ್ದರು: ಅಪೊಲೊ, ಮೆಜೆಸ್ಟಿಕ್, ನಾರ್ಮಾ, ಜಿಮ್‌ಗಾರ್. ಆದ್ದರಿಂದ ‘ಅಪೊಲೊಗೆ ಯಾಕೆ ಅಷ್ಟು, ನಾರ್ಮಾಗೆ ಯಾಕೆ ಇಷ್ಟು’ ಎಂಬ ಚೌಕಾಸಿ ನಮ್ಮಲ್ಲಿ ಇಲ್ಲ, ಎಲ್ಲಕ್ಕೂ 420. ಹಾಗೆಂದು ಇವರನ್ನು ಅಗ್ಗದ ನಕಲುಗಾರರು ಎಂದು ತಳ್ಳಿಹಾಕಬೇಡಿ. 1946ರಲ್ಲಿ ಸಂಗೀತದ ಹಾಳೆ ಇಡುವ ಸ್ಟ್ಯಾಂಡ್ ಮಾಡುತ್ತಾ ಶುರುವಾದದ್ದು ಇಂದಿನ ಹೆಸರಾಂತ ಡ್ರಮ್ ಕಂಪನಿ ಪರ್ಲ್. ಸ್ಟಾರ್ ಎಂಬ ಹೆಸರಿನಲ್ಲಿ ಡ್ರಮ್ ಮಾರುತ್ತಿದ್ದ ಹೊಶಿನೊ ಕಂಪನಿ 1974ರಲ್ಲಿ ಟಾಮಾ ಎಂಬ ಹೆಸರು ತಂದಿತು. ಇವರ ಕೈ ಪಳಗಿದ್ದು ಈ ಅಗ್ಗದ ಸೆಟ್‌ಗಳ ಮೇಲೆಯೇ.

ಈ ಶೆಲ್‌ಗಳ ಮರ ಲುವಾನ್, ವ್ಯಾಪಾರದ ಮಾತಿನಲ್ಲಿ ಫಿಲಿಪೈನ್ ಮಹಾಗನಿ. ಮೆದು, ಹಗುರ. ನಾದ ತಗ್ಗಿನದು, ಬೆಚ್ಚಗಿನದು, ಬೇಗ ಆರುತ್ತದೆ. ‘ಆ ದುಡ್ಡಿಗೆ ಹೊಸ ಸೆಟ್ಟೇ ಬರುತ್ತದಲ್ಲ’ ಎನ್ನುವವರಿಗೆ ನಮ್ಮ ಉತ್ತರ: ಬರುತ್ತದೆ, ಮಗನಿಗೆ ಗೋಡೆ ಅದುರುವ ಸದ್ದು ಬೇಕಿದ್ದರೆ ದಯವಿಟ್ಟು ಅದನ್ನೇ ಕೊಳ್ಳಿ, ನಾವೇ ಅಂಗಡಿ ತೋರಿಸುತ್ತೇವೆ. ಆದರೆ ಕೂಟದ ಭಾವಗೀತೆಯ ಕಾರ್ಯಕ್ರಮದಲ್ಲಿ, ಶಾಲೆಯ ಸಭಾಂಗಣದಲ್ಲಿ, ಹಾಡುವವರ ಹಿಂದೆ ಹತ್ತಡಿ ದೂರದಲ್ಲಿ ಕುಳಿತು ಬಾರಿಸುವಾಗ ಹಾಡಿನ ಒಂದು ಅಕ್ಷರವನ್ನೂ ನುಂಗದ ಡ್ರಮ್ ಬೇಕಿದ್ದರೆ ಇದಕ್ಕೆ ಸಮನಾದದ್ದು ಈ ಬೆಲೆಗೆ ನಮಗಂತೂ ಸಿಕ್ಕಿಲ್ಲ. ಈ ಮಾತನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೇವೆ.

ಪಾರ್ಸೆಲ್ ವಿಷಯ. ಇದರಲ್ಲಿ ನಮ್ಮ ತಪ್ಪು ಎಳ್ಳಷ್ಟೂ ಇಲ್ಲ. 20 ಇಂಚಿನ ಬೇಸ್ ಡ್ರಮ್‌ಗೆ 24 ಇಂಚು ಉದ್ದ, 24 ಅಗಲ, 18 ಎತ್ತರದ ಪೆಟ್ಟಿಗೆ ಬೇಕು. ಕೊರಿಯರ್‌ನವರು ಈ ಮೂರನ್ನೂ ಗುಣಿಸಿ 139ರಿಂದ ಭಾಗಿಸುತ್ತಾರೆ. 75 ಪೌಂಡ್ ಬರುತ್ತದೆ. ಪೆಟ್ಟಿಗೆಯೂ ಸೇರಿ ನಮ್ಮ ತಕ್ಕಡಿಯಲ್ಲಿ ಅದರ ತೂಕ 18 ಪೌಂಡ್. ಉಳಿದ 57 ಪೌಂಡ್ ಗಾಳಿ! ಆ ಗಾಳಿಗೆ ನೀವು ಕೊಟ್ಟ ಬಾಡಿಗೆಯಲ್ಲಿ ನಮ್ಮ ಕಿಸೆಗೆ ಒಂದು ಸೆಂಟೂ ಬಿದ್ದಿಲ್ಲ, ಆದರೂ ಕೇಳಿಸಿಕೊಂಡದ್ದು ನಾವು. ಟಾಮ್‌ಗಳನ್ನು ಬೇಸ್ ಡ್ರಮ್ಮಿನೊಳಗೆ ಇಟ್ಟು ಒಂದೇ ಪೆಟ್ಟಿಗೆ ಮಾಡಿಯೂ ನೋಡಿದೆವು. ಬೇಸ್ ಡ್ರಮ್ಮಿನ ಮರದ ಬಳೆ ಮುರಿದು ತಲುಪಿತು. ಹಾಗಾಗಿ ವ್ಯಾನೇ ಸರಿ.

ಈಗಾಗಲೇ ಮುಂಗಡ ಕೊಟ್ಟವರಿಗೆ 275ರ ದರವೇ, ಕೆಲಸ ಮಾತ್ರ ಹೊಸ ಕ್ರಮದ್ದು. ಹಿಂದೆ ನಮ್ಮಲ್ಲಿ ಕೊಂಡ ಯಾರೇ ಆಗಲಿ, ಜೂನ್ ಕೊನೆಯೊಳಗೆ ಡ್ರಮ್ ತಂದರೆ ಅಂಚು ಸರಿಮಾಡಲು ಹಣ ಪಡೆಯುವುದಿಲ್ಲ. ಕೆಳಗಿನ ಹೆಡ್‌ಗಳನ್ನು ನಮಗೆ ಬಿದ್ದ ಬೆಲೆಗೇ ಹಾಕಿಕೊಡುತ್ತೇವೆ. ಹಬ್ಬದ ಆ ಎರಡು ತಿಂಗಳಲ್ಲಿ ಕೊಂಡವರಿಗೆ ಆ ಬೆಲೆಯೂ ಬೇಡ.

ಎಡಿಸನ್‌ವರೆಗೆ ಬರಲಾಗದವರು ಮನೆಯಲ್ಲೇ ಅರ್ಧ ದಾರಿ ಕ್ರಮಿಸಬಹುದು. ಹೆಡ್ ಬಿಚ್ಚಿ, ಅಂಚನ್ನು ಒಣಬಟ್ಟೆಯಿಂದ ಒರೆಸಿ. ಹೊಸ ಹೆಡ್ ಇಟ್ಟು ಎಲ್ಲ ರಾಡುಗಳನ್ನೂ ಮೊದಲು ಬೆರಳಲ್ಲೇ ಬಿಗಿ ಮಾಡಿ. ಆಮೇಲೆ ಕೀಲಿಯಿಂದ ಅರ್ಧರ್ಧ ಸುತ್ತು, ಅದೂ ಸುತ್ತಿನ ಕ್ರಮದಲ್ಲಿ ಅಲ್ಲ, ಒಂದರ ನಂತರ ಅದರ ಎದುರಿನದು. ಪ್ರತಿ ರಾಡಿನಿಂದ ಒಂದು ಇಂಚು ಒಳಗೆ ಕಡ್ಡಿಯಿಂದ ಮೆಲ್ಲಗೆ ತಟ್ಟಿ, ಎಲ್ಲ ಕಡೆ ಒಂದೇ ಸ್ವರ ಬರುವವರೆಗೆ ಹೊಂದಿಸಿ. ಮೃದಂಗ ನುಡಿಸುವವರು ಮನೆಯಲ್ಲಿದ್ದರೆ ಅವರನ್ನು ಕರೆಯಿರಿ, ಅವರ ಕಿವಿಗೆ ಇದು ಹೊಸದಲ್ಲ. ಕೆಳಗಿನ ಹೆಡ್ ಮೇಲಿನದಕ್ಕೆ ಸಮ ಅಥವಾ ತುಸು ಏರು ಇರಲಿ. ತುಂಬಾ ಬಿಗಿಯುವ ಆಸೆ ಬೇಡ. ಲುವಾನ್ ಬಿಗಿತಕ್ಕೆ ಉಸಿರುಗಟ್ಟುತ್ತದೆ, ಮಧ್ಯಮಕ್ಕಿಂತ ತುಸು ಕೆಳಗೇ ಅದರ ಸುಖ. ಮೇಲೆ ಬಿಳಿ ಲೇಪದ ಒಂದೇ ಪದರದ ಹೆಡ್, ಕೆಳಗೆ ಪಾರದರ್ಶಕ ಹೆಡ್ ಸಾಕು. ಬೇಸ್ ಡ್ರಮ್ಮಿನೊಳಗೆ ದಿಂಬು ತುಂಬಬೇಡಿ, ಹೆಡ್ಡಿನ ಹಿಂದೆ ಅಡ್ಡಲಾಗಿ ಒಂದು ಫೆಲ್ಟ್ ಪಟ್ಟಿ ಎಳೆದರೆ ಸಾಕು. ಸ್ನೇರ್ ತಂಟೆ ಮಾಡಿದರೆ ಮಾತ್ರ ಕೈ ಹಾಕಬೇಡಿ, ತನ್ನಿ. ತಂತಿ ಕೂರುವ ತಗ್ಗು ಇವುಗಳಲ್ಲಿ ಕೆಲವಕ್ಕೆ ಇಲ್ಲವೇ ಇಲ್ಲ, ಅದನ್ನು ಅಂದಾಜಿನಲ್ಲಿ ಉಜ್ಜಿ ಕೆಡಿಸಿದ ಎರಡು ಡ್ರಮ್ ಈಗ ನಮ್ಮಲ್ಲಿ ಹೂಕುಂಡಗಳಾಗಿವೆ.

ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಗ್ಯಾರೇಜಿನ ಬಾಗಿಲು ತೆರೆದಿರುತ್ತದೆ. ಬರುವಾಗ ಬಿಚ್ಚಿದ ರಾಡುಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕಿ ತನ್ನಿ, ಒಂದನ್ನೂ ಎಸೆಯಬೇಡಿ. ಎಲ್ಲದರ ಥ್ರೆಡ್ ಒಂದೇ ಅಲ್ಲ, ಕಳೆದುಹೋದ ಒಂದು ರಾಡಿಗಾಗಿ ಭಾವ ಮೂರು ವಾರ ಹುಡುಕಿದ್ದುಂಟು.

ಇತಿ ನಿಮ್ಮ ವಿಶ್ವಾಸದ,
ಗ್ಯಾರೇಜಿನ ಇಬ್ಬರು