ಕೃತಜ್ಞತಾ ಪುಟದಲ್ಲಿ ಹಿಡಿಸದೆ ಉಳಿದದ್ದು

ಕಳೆದ ವಾರ ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ಪವರ್ ಕನ್ವರ್ಟರ್‌ಗಳ, ಅಂದರೆ ಸ್ವಿಚ್ಚನ್ನು ವೇಗವಾಗಿ ಆನ್-ಆಫ್ ಮಾಡಿ ವೋಲ್ಟೇಜನ್ನು ಬದಲಿಸುವ ಸರ್ಕ್ಯೂಟ್‌ಗಳ, ದತ್ತಾಂಶಾಧಾರಿತ ಹಿಮ್ಮಾಹಿತಿ (ಫೀಡ್‌ಬ್ಯಾಕ್) ನಿಯಂತ್ರಣ ನನ್ನ ಪ್ರಬಂಧದ ವಿಷಯ. ಸಮೀಕರಣ ಬರೆದು ನಿಯಂತ್ರಕವನ್ನು ರೂಪಿಸುವ ಬದಲು, ಕನ್ವರ್ಟರ್‌ನಿಂದಲೇ ಅಳೆದ ವೋಲ್ಟೇಜ್ ಮತ್ತು ಕರೆಂಟ್‌ಗಳಿಂದ ಅದನ್ನು ರೂಪಿಸುವ ಕೆಲಸ ಇದು. ಅಳತೆಯನ್ನೇ ನೆಚ್ಚಿಕೊಂಡವನ ಋಣವೆಲ್ಲ ಅಳತೆಯನ್ನು ಕಾಪಾಡಿಕೊಟ್ಟವರದೇ ಆಗಿರುತ್ತದೆ. ಪ್ರಬಂಧದ ಕೃತಜ್ಞತಾ ಪುಟದಲ್ಲಿ ಒಂದೊಂದು ಸಾಲಿಗೆ ಮುಗಿಸಿದ ಆ ಋಣವನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ.

ಮೊದಲನೆಯ ಕೃತಜ್ಞತೆ ಮಾರ್ಗದರ್ಶಕರಿಗೆ. ಗಣಿತದ ಮಾದರಿಯೇ ಬೇಡವೆಂದು ಹೊರಟವನನ್ನು ಅವರು ಆರು ತಿಂಗಳು ಮಾದರಿಯ ಮುಂದೆಯೇ ಕೂರಿಸಿ, ಮಿಡಲ್‌ಬ್ರೂಕ್ ಮತ್ತು ಚುಕ್ 1976ರಲ್ಲಿ ಮಂಡಿಸಿದ, ಸ್ವಿಚ್ಚಿನ ಒಂದು ಆವರ್ತದ ಸರಾಸರಿ ತೆಗೆದು ಸಮೀಕರಣ ಬರೆಯುವ ವಿಧಾನವನ್ನು ಕಾಗದದ ಮೇಲೆ ಮಾಡಿಸಿದರು. ನಮ್ಮದು 24 ವೋಲ್ಟನ್ನು 48 ವೋಲ್ಟಿಗೆ ಏರಿಸುವ ಬೂಸ್ಟ್ ಕನ್ವರ್ಟರ್. ಔಟ್‌ಪುಟ್ ಹೆಚ್ಚಲಿ ಎಂದು ಡ್ಯೂಟಿ ಅನುಪಾತವನ್ನು, ಅಂದರೆ ಪ್ರತಿ ಆವರ್ತದಲ್ಲಿ ಸ್ವಿಚ್ ಆನ್ ಇರುವ ಪಾಲನ್ನು, ಏರಿಸಿದರೆ ಅದರ ವೋಲ್ಟೇಜ್ ಮೊದಲು ಇಳಿದು, ಆಮೇಲೆ ಏರುತ್ತದೆ. ಈ ಮೊಂಡುತನ ಎಷ್ಟು ವೇಗದ ನಿಯಂತ್ರಣದವರೆಗೆ ಸಹ್ಯ ಎಂಬುದನ್ನು ಹೇಳುವ ಆವೃತ್ತಿ, 300 ಮೈಕ್ರೋಹೆನ್ರಿಯ ಇಂಡಕ್ಟರ್ ಮತ್ತು 24 ಓಮ್ ಲೋಡ್ ಇದ್ದಾಗ ಸುಮಾರು 3.2 ಕಿಲೋಹರ್ಟ್ಸ್, ಲೋಡ್ 12 ಓಮ್‌ಗೆ ಇಳಿದರೆ ಅದು ಅರ್ಧವಾಗುತ್ತದೆ. ದತ್ತಾಂಶವನ್ನು ಎಷ್ಟೇ ಸಂಗ್ರಹಿಸಿದರೂ ಈ ಮಿತಿಯನ್ನು ದಾಟಲಾಗದೆಂದು ಅಂದೇ ತಿಳಿದದ್ದು ಮುಂದೆ ಬಹಳ ಕಡೆ ನನ್ನನ್ನು ಉಳಿಸಿತು.

ಎರಡನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು, ಪ್ರಯೋಗಾಲಯದ ತಂತ್ರಜ್ಞರಿಗೆ. ವಿಲ್ಲೆಮ್ಸ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿಕೊಟ್ಟ ಪ್ರಮೇಯವೊಂದರ ಪ್ರಕಾರ, ಒಂದು ರೇಖೀಯ ವ್ಯವಸ್ಥೆಯನ್ನು ಸಾಕಷ್ಟು ವೈವಿಧ್ಯದ ಇನ್‌ಪುಟ್‌ನಿಂದ ಕಲಕಿ ಅಳೆದರೆ, ಅದರ ನಡೆಯೆಲ್ಲ ಆ ಒಂದೇ ದಾಖಲೆಯೊಳಗೆ ಅಡಗಿರುತ್ತದೆ; ಇದನ್ನೇ ಆಧಾರವಾಗಿಟ್ಟುಕೊಂಡು ಜ್ಯೂರಿಕ್‌ನ ಕೌಲ್ಸನ್, ಲೈಗೆರಸ್ ಮತ್ತು ಡರ್ಫ್ಲರ್ 2019ರಲ್ಲಿ ನಿಯಂತ್ರಣ ವಿಧಾನವೊಂದನ್ನು ಕಟ್ಟಿದರು. ನನ್ನ ಎರಡನೆಯ ದರ್ಜೆಯ (ಇಂಡಕ್ಟರ್, ಕೆಪಾಸಿಟರ್ ಎರಡರಲ್ಲೂ ಶಕ್ತಿ ಕೂಡಿಡುವ) ಕನ್ವರ್ಟರ್‌ನಲ್ಲಿ 30 ಸ್ಯಾಂಪಲ್ (ಸಮ ಅಂತರದಲ್ಲಿ ತೆಗೆದ ಅಳತೆ) ಉದ್ದದ ನಡೆಯನ್ನು ಕಾಣಲು ಲೆಕ್ಕದ ಪ್ರಕಾರ 63 ಸ್ಯಾಂಪಲ್ ಸಾಕು, ಅಂದರೆ 50 ಕಿಲೋಹರ್ಟ್ಸ್‌ನಲ್ಲಿ ಒಂದೂಕಾಲು ಮಿಲಿಸೆಕೆಂಡ್. ಅಳತೆಯಲ್ಲಿ ಸೇರುವ ಗದ್ದಲದ ಭಯಕ್ಕೆ ನಾನು 1023 ಸ್ಯಾಂಪಲ್‌ಗಳ ಯಾದೃಚ್ಛಿಕ ಎನ್ನಬಹುದಾದ ಸರಣಿಯನ್ನು ಡ್ಯೂಟಿಗೆ ಸೇರಿಸಿ ಅಳೆಯುತ್ತಿದ್ದೆ. ಒಂದು ವರ್ಷ ಅಳೆದೆ. ಆ ದತ್ತಾಂಶದಿಂದ ಬಂದ ನಿಯಂತ್ರಕ ಕಂಪ್ಯೂಟರ್‌ನಲ್ಲಿ ಚೆನ್ನಾಗಿ ನಡೆಯುತ್ತಿತ್ತು, ಬೋರ್ಡಿನ ಮೇಲೆ ಮಾತ್ರ ಸ್ವಿಚ್ಚಾಗಿ ಕೆಲಸ ಮಾಡುವ ಮಾಸ್‌ಫೆಟ್ ಸುಡುತ್ತಿತ್ತು. ನಾನು ಗಣಿತವನ್ನು ಅನುಮಾನಿಸುತ್ತಾ ಕುಳಿತಿದ್ದಾಗ ತಂತ್ರಜ್ಞರು ಬಂದು, ಕರೆಂಟಿನ ತರಂಗವನ್ನೂ ಸ್ಯಾಂಪಲ್ ತೆಗೆಯುವ ಸಿಗ್ನಲನ್ನೂ ಆಸಿಲ್ಲೋಸ್ಕೋಪಿನ ಒಂದೇ ಪರದೆಯ ಮೇಲೆ ತಂದು ನೋಡಿ, ಏನೂ ಹೇಳದೆ ಬೆರಳಿಟ್ಟು ತೋರಿಸಿದರು. ನಾನು ಪ್ರತಿ ಆವರ್ತದ ನಟ್ಟನಡುವೆ ಸ್ಯಾಂಪಲ್ ತೆಗೆಯುತ್ತಿದ್ದೆ. ಡ್ಯೂಟಿ ಅರ್ಧದ ಸುತ್ತ ಇದ್ದುದರಿಂದ ಸ್ವಿಚ್ ಆಫ್ ಆಗುತ್ತಿದ್ದುದೂ ಸರಿಯಾಗಿ ಅದೇ ಕ್ಷಣದಲ್ಲಿ. ನಾನು ಸೇರಿಸುತ್ತಿದ್ದ ಕಲಕಿನಿಂದ ಆ ಅಂಚು ಒಮ್ಮೆ ಸ್ಯಾಂಪಲ್ಲಿನ ಹಿಂದೆ, ಒಮ್ಮೆ ಮುಂದೆ ಬೀಳುತ್ತಿದ್ದುದರಿಂದ ಅಳತೆಯ ದೋಷ ಇನ್‌ಪುಟ್ ಜೊತೆಗೇ ಹೆಜ್ಜೆ ಹಾಕುತ್ತಿತ್ತು. ಸ್ವಿಚ್ಚಿನ ಕಂಪನವನ್ನೇ ಕನ್ವರ್ಟರ್‌ನ ಸ್ವಭಾವವೆಂದು ನನ್ನ ಕ್ರಮವಿಧಿ ಶ್ರದ್ಧೆಯಿಂದ ಕಲಿತಿತ್ತು. ಸರಾಸರಿ ತೆಗೆದರೆ ಅಳಿಯುವ ಗದ್ದಲ ಇದಲ್ಲವಾದ್ದರಿಂದ ವರ್ಷದ ದತ್ತಾಂಶವನ್ನೆಲ್ಲ ಅಳಿಸಿದೆ.

ಸ್ವಿಚ್ಚಿನ ವೇಳೆಯನ್ನು ನಿರ್ಧರಿಸುವ ಕ್ಯಾರಿಯರ್ ತರಂಗವನ್ನು, ಸ್ಯಾಂಪಲ್ ಆ ಅಂಚಿನಿಂದ ದೂರ ಬೀಳುವಂತೆ, ತ್ರಿಕೋನಾಕಾರಕ್ಕೆ ಬದಲಾಯಿಸಿ ಎಲ್ಲವನ್ನೂ ಮತ್ತೆ ಅಳೆಯುವಾಗ ರಾತ್ರಿಗಳನ್ನು ಹಂಚಿಕೊಂಡ ಇಬ್ಬರು ಕಿರಿಯ ಸ್ನೇಹಿತರಿಗೂ ವಂದನೆ. ಪ್ರತಿ ದಾಖಲೆಯ ಪಕ್ಕ ಕೆಪಾಸಿಟರ್‌ನ ತಾಪಮಾನವನ್ನು ಬರೆದಿಡಬೇಕೆಂದು ಹಟ ಹಿಡಿದದ್ದು ಅವರೇ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಒಳರೋಧ ಬಿಸಿಯಾದಂತೆ ತಗ್ಗುತ್ತದೆ, ವಯಸ್ಸಾದಂತೆ ಏರುತ್ತದೆ. ಬೆಳಿಗ್ಗೆಯ ದತ್ತಾಂಶ ಮಧ್ಯಾಹ್ನಕ್ಕೆ ಏಕೆ ಹೊಂದುತ್ತಿರಲಿಲ್ಲವೆಂಬುದು ಆ ನೋಟ್‌ಬುಕ್ಕಿನಿಂದಲೇ ತಿಳಿಯಿತು.

ಪಾವಗಡದ ದೊಡ್ಡಪ್ಪನನ್ನೂ ನೆನೆಯಬೇಕು. ಅವರ ಹೊಲ ಈಗ 2,050 ಮೆಗಾವ್ಯಾಟ್‌ನ ಸೌರ ಉದ್ಯಾನದಲ್ಲಿ ಗುತ್ತಿಗೆಗೆ ಹೋಗಿದೆ. ಸೌರಫಲಕದ ಡಿಸಿಯನ್ನು ಎಸಿ ಮಾಡುವ ಇನ್ವರ್ಟರ್ ಜೋಡಣೆಯಾದ ಜಾಗದಲ್ಲಿ ಗ್ರಿಡ್‌ನ ಇಂಪೀಡೆನ್ಸ್ (ಎಸಿ ಕರೆಂಟಿಗೆ ಒಡ್ಡುವ ಅಡ್ಡಿ) ಎಷ್ಟೆಂದು ಕಾರ್ಖಾನೆಯಲ್ಲಿ ಕೂತು ನಿಖರವಾಗಿ ಹೇಳಲಾಗದು, ಅದು ಬದಲಾದರೆ ಫಿಲ್ಟರ್‌ನ ಅನುರಣನವೂ ಜರುಗುತ್ತದೆ ಎಂದು ನಾನು ವಿವರಿಸಿದಾಗ, ಹಾಗಾದರೆ ಇಲ್ಲಿಗೇ ಬಂದು ಅಳೆಯಬೇಕಲ್ಲವೇ ಎಂದು ಅವರು ಕೇಳಿದ್ದರು. ಪ್ರಬಂಧದ ಪೀಠಿಕೆಯ ಮೊದಲ ಪುಟ ಬಹುಪಾಲು ಅದೇ ಪ್ರಶ್ನೆಯ ವಿಸ್ತರಣೆ.

ಆಸಿಲ್ಲೋಸ್ಕೋಪಿನ ಆ ಚಿತ್ರ ಮೂರನೆಯ ಅಧ್ಯಾಯದಲ್ಲಿದೆ, ಅಡಿಯಲ್ಲಿ ತಂತ್ರಜ್ಞರ ಹೆಸರಿದೆ. ಮೊನ್ನೆ ಪ್ರತಿ ಕೊಡಲು ಹೋದಾಗ ಅವರು ಮೊದಲು ತೆರೆದದ್ದು ಆ ಪುಟವನ್ನೇ. ಕನ್ನಡಕ ಸರಿಮಾಡಿಕೊಂಡು ಸ್ವಲ್ಪ ಹೊತ್ತು ನೋಡಿ, ಅಡ್ಡಗೆರೆಯ ಒಂದು ಮನೆ ಎಷ್ಟು ನ್ಯಾನೊಸೆಕೆಂಡ್ ಎಂದು ಬರೆಯುವುದನ್ನು ಮರೆತಿದ್ದೀರಿ ಎಂದರು.